ಚಾರ್ಟು ರೆಡಿ, ಕೇಬಲ್ ಯಾರದು?

ಬೆಂಗಳೂರಿನಲ್ಲಿ ಇನ್ನೊಂದು ಕಾಮಗಾರಿಯ ಗಡುವು ಮುಂದಕ್ಕೆ ಹೋಗಿದೆ. ಯಾವುದು ಅಂತ ಕೇಳಬೇಡಿ. ನಾನು ಹೆಸರು ಬರೆದು ನೀವು ಓದುವಷ್ಟರಲ್ಲಿ ಮತ್ತೊಂದರದ್ದು ಹೋಗಿರುತ್ತದೆ. ಸುದ್ದಿ ಓದಿ ನನಗೇನೂ ಬೇಜಾರಾಗಲಿಲ್ಲ. ಯಾಕೆಂದರೆ ಕೊನೆಯ ಸಾಲಿನಲ್ಲಿ ಸಿಹಿ ಇತ್ತು: ಪರಿಷ್ಕೃತ ಕಾರ್ಯಯೋಜನೆ ಸಿದ್ಧವಾಗಿದೆಯಂತೆ. ಕೆಲಸ ಆಗಿಲ್ಲ, ಯೋಜನೆ ಆಗಿದೆ. ನಮ್ಮೂರಲ್ಲಿ ಹೇಳಿದ ಹೊತ್ತಿಗೆ ಮುಗಿಯುವುದು ಇದೊಂದೇ. ಅದನ್ನೂ ಮೆಚ್ಚದಿದ್ದರೆ ನಾವು ಮನುಷ್ಯರೇ?

ಟೆಂಡರ್ ಗೆದ್ದವರು ಮೊದಲು ಕೊಡಬೇಕಾದ ಕಾಗದಗಳಲ್ಲಿ ವರ್ಕ್ ಪ್ರೋಗ್ರಾಂ ಅಂತ ಒಂದಿರುತ್ತದೆ. ಯಾವ ತಿಂಗಳು ಯಾವ ಕೆಲಸ, ಎಷ್ಟು ಆಳು, ಯಾವ ಮೆಷಿನ್ನು, ಯಾವುದು ಮುಗಿದ ಮೇಲೆ ಯಾವುದು ಶುರು ಎಂದೆಲ್ಲ ಅದರಲ್ಲಿ ಬಣ್ಣಬಣ್ಣದ ಪಟ್ಟಿ ಎಳೆದಿರುತ್ತಾರೆ. ನೋಡೋಕೆ ಕಣ್ಣಿಗೆ ಹಬ್ಬ. ಆದರೆ ಮಳೆಗಾಲ ಅಂತ ಒಂದು ಇದೆ ಎನ್ನುವುದು ಆ ಚಾರ್ಟಿಗೆ ಗೊತ್ತಿರುವುದಿಲ್ಲ. ಬೆಂಗಳೂರಿಗೆ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಫುಟ್‌ಪಾತ್ ಮೇಲೆ ಛತ್ರಿ ರಿಪೇರಿ ಮಾಡುವವರಿಗೂ ಇದು ಗೊತ್ತು. ಚಾರ್ಟಿನಲ್ಲಿ ಸರಿಯಾಗಿ ಸೆಪ್ಟೆಂಬರಿಗೇ ಅಗೆತ. ಅಕ್ಟೋಬರಿನಲ್ಲಿ ‘ಅನಿರೀಕ್ಷಿತ ಮಳೆಯಿಂದಾಗಿ’ ಅಂತ ಒಂದು ಪತ್ರ. ಅನಿರೀಕ್ಷಿತ ಮಳೆ ಪ್ರತಿ ವರ್ಷ ತಪ್ಪದೆ ಬರುತ್ತದೆ.

ಉಪನಗರ ರೈಲನ್ನೇ ತೆಗೆದುಕೊಳ್ಳಿ. 2022ರ ಜೂನಿನಲ್ಲಿ ಪ್ರಧಾನಿಯವರೇ ಬಂದು ಶಂಕುಸ್ಥಾಪನೆ ಮಾಡಿದರು. 40 ವರ್ಷ ಆಗದ್ದನ್ನು 40 ತಿಂಗಳಲ್ಲಿ ಮಾಡಿ ತೋರಿಸುತ್ತೇವೆ ಎಂದರು. ಆ 40 ತಿಂಗಳು 2025ರ ಅಕ್ಟೋಬರಿಗೆ ತೀರಿತು. ಅದಕ್ಕೂ ಮೊದಲು, 2021ರಲ್ಲಿ, ರಾಜ್ಯದ ಗುತ್ತಿಗೆದಾರರ ಸಂಘ ಇದೇ ಪ್ರಧಾನಿಗೆ 40 ಪರ್ಸೆಂಟ್ ಕಮಿಷನ್ ಕಾಟ ತಾಳಲಾರೆವು ಅಂತ ಪತ್ರ ಬರೆದಿತ್ತು. 40ಕ್ಕೂ ನಮಗೂ ಯಾವ ಜನ್ಮದ ನಂಟೋ! ಇರಲಿ. 148 ಕಿಲೋಮೀಟರಿನ ಈ ಯೋಜನೆಯಲ್ಲಿ ನಾಲ್ಕು ಮಾರ್ಗ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ನಾಮಕರಣದ ಕೆಲಸ ನೂರಕ್ಕೆ ನೂರು ಮುಗಿದಿದೆ, ಒಂದು ರೂಪಾಯಿ ವೆಚ್ಚ ಏರಿಕೆಯಿಲ್ಲ. ಹಳಿ ಹಾಕುವ ವಿಚಾರ ಬೇರೆ. ಮಲ್ಲಿಗೆ ಮತ್ತು ಕನಕ ಹಿಡಿದಿದ್ದ ದೊಡ್ಡ ಕಂಪನಿ 2025ರಲ್ಲಿ ಕೈ ಮುಗಿದು ಹೊರಟೇಬಿಟ್ಟಿತು. ಕೆಲಸ ಮಾಡೋಕೆ ಜಾಗವನ್ನೇ ಕೊಡಲಿಲ್ಲ ಎನ್ನುವುದು ಅದರ ದೂರು.

ಸುರಂಗ ರಸ್ತೆಯದ್ದು ಇನ್ನೂ ಚೆಂದ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿ ದಾರಿ ಕೊರೆಯಬೇಕು, ಅದಕ್ಕೊಂದು ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ ಬೇಕು. ದುಡ್ಡು ಕೊಟ್ಟು ಬರೆಸಿದರು. ಬಿಚ್ಚಿ ನೋಡಿದರೆ ಒಳಗೆ ಮಾಲೆಗಾಂವ್, ನಾಶಿಕ್! ಮಹಾರಾಷ್ಟ್ರದ ವಾಹನ ದಟ್ಟಣೆ ನಮ್ಮ ಸುರಂಗದೊಳಗೆ ಹೇಗೆ ನುಗ್ಗಿತು ಅಂತ ನಾನು ತುಂಬಾ ಯೋಚಿಸಿದೆ. ನಾಶಿಕ್ ಈರುಳ್ಳಿ ಯಶವಂತಪುರದ ಮಾರ್ಕೆಟ್ಟಿಗೆ ಬರುತ್ತದಲ್ವಾ, ಬಹುಶಃ ಅದೇ ಲಾರಿಯಲ್ಲಿ ಅಂಕಿಅಂಶಗಳೂ ಬಂದಿರಬೇಕು. ಬರೆದವರಿಗೆ 5 ಲಕ್ಷ ದಂಡ ಹಾಕಿದರು. ಸುರಂಗಕ್ಕೆ ಸಾವಿರಾರು ಕೋಟಿ ಲೆಕ್ಕ, ಊರನ್ನೇ ತಪ್ಪಾಗಿ ಬರೆದಿದ್ದಕ್ಕೆ 5 ಲಕ್ಷ. ಅಷ್ಟರಲ್ಲಿ ಈಗ ಒಂದು ಒಳ್ಳೆಯ ಸ್ಕೂಲಿನಲ್ಲಿ ಯುಕೆಜಿ ಸೀಟು ಸಿಕ್ಕರೆ ಪುಣ್ಯ.

ದೊಡ್ಡ ಯೋಜನೆಗಳ ಮಾತು ಬಿಡಿ. ನಮ್ಮ ಬೀದಿಯಲ್ಲೇ ಒಳಚರಂಡಿ ಪೈಪ್ ಹಾಕುವ ಕೆಲಸ ನಡೀತಿದೆ. ನಡೀತಿದೆ ಅಂದರೆ, ನೀಲಿ ತಗಡಿನ ಶೆಡ್ಡು ಹಾಕಿದ್ದಾರೆ. ಶೆಡ್ಡಿನ ಗೋಡೆಗೆ ಆ ಚಾರ್ಟಿನ ಪ್ರಿಂಟು ಅಂಟಿಸಿದ್ದಾರೆ. ಒಂದು ಮೂಲೆಯ ಗಮ್ಮು ಬಿಟ್ಟು ಹಾಳೆ ಸುರುಳಿಯಾಗಿದೆ. ಕೊನೆಯ ಎರಡು ತಿಂಗಳು ಆ ಸುರುಳಿಯೊಳಗೇ ಇವೆ. ಮೇಲೆ ಯಾರೋ ಪೆನ್ಸಿಲಿನಲ್ಲಿ ಟೀ ಲೆಕ್ಕ ಬರೆದಿದ್ದಾರೆ. ಚಾರ್ಟಿನಲ್ಲಿ ದಿನದಿನವೂ ಮುಂದುವರಿಯುತ್ತಿರುವುದು ಅದೊಂದೇ.

ಸೈಟ್ ಎಂಜಿನಿಯರ್ ಚಿಕ್ಕ ಹುಡುಗ, ಹಾವೇರಿ ಕಡೆಯವನು. ಪಾಪ, ಬೀದಿಯವರೆಲ್ಲ ಅವನನ್ನೇ ಬೈತಾರೆ. ‘ಪೈಪ್ ಬಂದಿಲ್ವೇನಪ್ಪಾ?’ ಅಂದೆ.

‘ಬಂದದ ಸರ್. ಅಲ್ಲೇ ಗಣಪತಿ ಗುಡಿ ಮುಂದ ಐತಲ್ಲ.’

‘ಮತ್ತೆ ಹಾಕಬಾರದಾ?’

‘ತಗ್ಗಿನ್ಯಾಗ ಒಂದು ಕೇಬಲ್ ಸಿಕ್ಕೈತ್ರಿ. ಯಾರದು ಅಂತ ಗೊತ್ತಾಗೂ ತನಕ ಮುಟ್ಟೂ ಹಂಗಿಲ್ಲ.’

‘ಯಾರದಂತೆ?’

‘ಎಲ್ಲಾರಿಗೂ ಕೇಳಿವ್ರಿ. ಎಲ್ಲಾರೂ ನಮ್ಮದಲ್ಲ ಅಂತಾರ.’

‘ಯಾರದೂ ಅಲ್ಲ ಅಂದ್ರೆ ಕಟ್ ಮಾಡಿ ಬಿಸಾಕಪ್ಪ.’

‘ಕಟ್ ಮಾಡಿದ ಮ್ಯಾಲ ಮಾಲಕ ಬರ್ತಾನ್ರಿ ಸರ್.’

ಹುಡುಗ ಮುಂದೆ ಬರುತ್ತಾನೆ. ಈ ಊರಿನ ನೆಲದಡಿ ಯಾರ್‍ಯಾರ ಏನೇನಿದೆ ಅಂತ ಅಗೆಯುವ ಮುಂಚೆ ಪತ್ತೆ ಮಾಡುವ ಉಪಾಯ ಇಲ್ಲವೆಂದಲ್ಲ. ಟೆಂಡರ್‌ಶ್ಯೂರ್ ರಸ್ತೆ ಮಾಡುವಾಗ ಇದನ್ನೇ ಮಾಡಿದ್ದರು. ನೀರು, ಚರಂಡಿ, ಕರೆಂಟು, ಫೋನು ಎಲ್ಲಕ್ಕೂ ಮೊದಲೇ ಜಾಗ ಗೊತ್ತು ಮಾಡಿ, ಆಮೇಲೆ ಮೇಲಿನ ರಸ್ತೆ. ರೆಸಿಡೆನ್ಸಿ ರಸ್ತೆಯಲ್ಲಿ, ವಿಠಲ್ ಮಲ್ಯ ರಸ್ತೆಯಲ್ಲಿ ಆಯಿತು. ದುಬಾರಿ ಅಂತ ಆಗಲೇ ಗಲಾಟೆಯೂ ಆಯಿತು. ನಮ್ಮ ಬೀದಿಗೆ ಅದೆಲ್ಲಾ ಎಲ್ಲಿ, ಕೇಬಲ್ ಹುಡುಕೋಕೆ ಜೆಸಿಬಿ ಇದೆ. ಮೊದಲಾದರೂ ಊರಿಗೆ ಒಂದು ಪಾಲಿಕೆ ಇತ್ತು. 2025ರ ಸೆಪ್ಟೆಂಬರಿನಿಂದ ಐದು. ‘ನಮ್ಮದಲ್ಲ’ ಅನ್ನೋಕೆ ನಾಲ್ಕು ಬಾಯಿ ಜಾಸ್ತಿಯಾದವು.

ಹಾಗಂತ ಗುತ್ತಿಗೆ ಕೆಲಸವನ್ನು ಲೆಕ್ಕ ಹಾಕಿ ಮಾಡುವವರು ಬೆಂಗಳೂರಿನಲ್ಲಿ ಇಲ್ಲವೇ ಇಲ್ಲ ಅನ್ನಬೇಡಿ. ಇದ್ದಾರೆ. ಅಡುಗೆ ಕಂಟ್ರಾಕ್ಟರ್.

ನಮ್ಮ ನೆಂಟರ ಮನೆ ಮದುವೆಗೆ ಭಟ್ಟರನ್ನು ಗೊತ್ತು ಮಾಡೋಕೆ ಹೋದಾಗ ನಾನೂ ಜೊತೆಯಲ್ಲಿದ್ದೆ. ಹಳೇ ಡೈರಿ, ಕಿವಿ ಮೇಲೆ ಪೆನ್ನು. ನಮ್ಮವರು ಹೋಳಿಗೆ ಬೇಕು, ಎರಡು ಪಲ್ಯ ಬೇಕು ಅಂತ ಶುರು ಮಾಡಿದರು. ಭಟ್ಟರು ಕೈ ಎತ್ತಿ ನಿಲ್ಲಿಸಿದರು. ‘ಅದೆಲ್ಲ ಆಮೇಲೆ ರಾಯರೇ. ಛತ್ರ ಯಾವುದು? ನೀರು ಬೋರಾ, ಟ್ಯಾಂಕರ್ರಾ?’ ಬೋರು ಅಂದೆವು. ‘ಜನರೇಟರ್‌ಗೆ ಪಂಪು ಓಡತ್ತಾ, ಬರೀ ಲೈಟಾ?’ ನಮಗೆ ಗೊತ್ತಿರಲಿಲ್ಲ. ಅಲ್ಲೇ ಕೂತು ಛತ್ರದವರಿಗೆ ಫೋನ್ ಮಾಡಿ ಕೇಳಿದರು. ಮುಂದಿನದ್ದು ಕೇಳಿ: ‘ಹಿಂದಿನ ರಾತ್ರಿ ಬೇರೆಯವರ ರಿಸೆಪ್ಷನ್ ಇದೆಯಾ? ಇದ್ದರೆ ಅಡುಗೆಮನೆ ನಮ್ಮ ಕೈಗೆ ಎಷ್ಟು ಗಂಟೆಗೆ ಬಿಡ್ತಾರೆ? ಅಡುಗೆಮನೆ ಕೈಗೆ ಬರದೆ ನಾನು ಒಲೆ ಎಲ್ಲಿ ಹಚ್ಚಲಿ?’

ಇದು ಉಪನಗರ ರೈಲಿನವರು ಕೇಳಬೇಕಾಗಿದ್ದ ಪ್ರಶ್ನೆ. ಇಲ್ಲಿ ಒಬ್ಬರು ಪಂಚೆ ಉಟ್ಟುಕೊಂಡು, ಅಡ್ವಾನ್ಸ್ ಮುಟ್ಟುವ ಮೊದಲೇ ಕೇಳುತ್ತಿದ್ದಾರೆ. ಹೂರಣ ರುಬ್ಬುವವರು ಯಾರು, ತೆಂಗಿನಕಾಯಿ ತುರಿಯುವವರು ಎಷ್ಟು ಗಂಟೆಗೆ ಏಳಬೇಕು, ಮುಹೂರ್ತ ತಡವಾದರೆ ಅನ್ನಕ್ಕೆ ಯಾವಾಗ ಇಡುವುದು, ಎಲ್ಲ ಡೈರಿಯ ಒಂದೂವರೆ ಪುಟದಲ್ಲಿ ಮುಗಿಯಿತು. ಬಣ್ಣದ ಪಟ್ಟಿ ಒಂದೂ ಇರಲಿಲ್ಲ. ಮದುವೆ ದಿನ ಮೊದಲ ಪಂಕ್ತಿಗೆ ಎಲೆ ಹಾಕುವಾಗ ಅನ್ನ ಬಾಗಿಲಲ್ಲಿ ಕಾಯುತ್ತಿತ್ತು. ಸಾರು ಸ್ವಲ್ಪ ಖಾರ ಇತ್ತು, ಹೇಳಿಬಿಡುತ್ತೇನೆ.

ನಮ್ಮ ಹಳದಿ ಮೆಟ್ರೊದಲ್ಲಿ ಆಗಿದ್ದೇನು? ಎಲೆ ಹಾಕಿದರು, ನೀರು ಚಿಮುಕಿಸಿದರು, ಜನ ಕೂತರು, ಅನ್ನ ಇಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್, 16 ನಿಲ್ದಾಣ, ಎಲ್ಲ ಎದ್ದು ನಿಂತವು. ರೈಲಿಲ್ಲ. ಬೋಗಿ ಕೊಡುವ ಚೀನಾ ಕಂಪನಿಗೆ 2019ರಲ್ಲೇ ಗುತ್ತಿಗೆ ಆಗಿತ್ತು, ಬಹುಪಾಲು ಬೋಗಿ ಭಾರತದಲ್ಲೇ ತಯಾರಾಗಬೇಕು ಅಂತ ಷರತ್ತಿತ್ತು, ಆ ಕಂಪನಿಯ ಕಾರ್ಖಾನೆ ಇಲ್ಲಿ ಏಳಲಿಲ್ಲ. ಕೊನೆಗೆ ಕೋಲ್ಕತ್ತಾ ಕಡೆಯ ಬೇರೊಂದು ಕಂಪನಿಯ ಕಾರ್ಖಾನೆಯಿಂದ ಒಂದೊಂದಾಗಿ ಬರತೊಡಗಿದವು. 2025ರ ಆಗಸ್ಟ್ 10ಕ್ಕೆ ಉದ್ಘಾಟನೆ ಆಯಿತು. ಶುರುವಿನಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು. ಅಷ್ಟು ದಿನ ಹೊಸೂರು ರಸ್ತೆಯ ಜಾಮಿನಲ್ಲಿ ಬಸ್ಸಿನೊಳಗೆ ನಿಂತವರು ತಲೆಯೆತ್ತಿ ಖಾಲಿ ಹಳಿ ನೋಡಿಕೊಂಡು ಆಫೀಸಿಗೆ ಹೋದರು.

ಈಜಿಪುರದ ಮೇಲ್ಸೇತುವೆ ವಿಷಯಕ್ಕೆ ಬಂದರೆ ನನಗೆ ತಮಾಷೆ ಬರುವುದಿಲ್ಲ. ಎರಡೂವರೆ ಕಿಲೋಮೀಟರ್. ಬರೀ ಎರಡೂವರೆ. 2017ರಲ್ಲಿ ಶುರು, 2019ಕ್ಕೆ ಮುಗಿಯಬೇಕಿತ್ತು. 2022ರಲ್ಲಿ ಗುತ್ತಿಗೆ ರದ್ದು. ಮತ್ತೆ ಟೆಂಡರ್, ಮತ್ತೆ ಟೆಂಡರ್, ಹೊಸ ಗುತ್ತಿಗೆದಾರ ಸಿಗುವ ಹೊತ್ತಿಗೆ 2023 ಕಳೆಯುತ್ತಾ ಬಂದಿತ್ತು. ಅಷ್ಟೂ ಕಾಲ ಕಂಬಗಳು ಕಬ್ಬಿಣದ ಕಡ್ಡಿ ಚಾಚಿಕೊಂಡು ಬಿಸಿಲಲ್ಲಿ ತುಕ್ಕು ಹಿಡಿದವು. ಕೆಲಸ ಶುರುವಾದ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳು ಅದೇ ಕಂಬದ ಸಂದಿಯಲ್ಲಿ ನಡೆದು ಹೈಸ್ಕೂಲಿಗೆ ಬಂದರು. ಅಂಗಡಿ ಇಟ್ಟಿದ್ದವರು ಬಾಡಿಗೆ ಕಟ್ಟಲಾಗದೆ ಬಾಗಿಲು ಹಾಕಿದರು. ಪಕ್ಕದಲ್ಲೇ ದೊಡ್ಡ ಆಸ್ಪತ್ರೆ ಇದೆ, ಆಂಬುಲೆನ್ಸ್ ಸೈರನ್ ಹೊಡೆದುಕೊಂಡು ನಿಂತಲ್ಲೇ ನಿಲ್ಲುತ್ತದೆ. ಒಳಗಿರುವವರು ಯಾರದೋ ಅಪ್ಪ, ಯಾರದೋ ಅಮ್ಮ. ಮಳೆ, ಕೊರೋನಾ, ಜಾಗ, ದುಡ್ಡು ಅಂತ ಎಷ್ಟೆಲ್ಲ ಕಾರಣ ಕೊಟ್ಟರು. ಒಬ್ಬ ಅಧಿಕಾರಿ, ಒಬ್ಬ ಮಂತ್ರಿ, ಯಾವ ಪಕ್ಷದವರಾದರೂ ಸರಿ, ತಪ್ಪು ನಮ್ಮದು ಅಂದಿದ್ದನ್ನು ನಾನು ಕೇಳಿಲ್ಲ. ಸಾಕಾಗಿದೆ. ನಿಜವಾಗಿ ಸಾಕಾಗಿದೆ.

ದೊಡ್ಡ ಬೇಡಿಕೆ ಏನೂ ಇಲ್ಲ. ಜಾಗ ಕೈಗೆ ಬರದೆ ಕಾರ್ಯಾದೇಶ ಕೊಡಬೇಡಿ. ನೆಲದಡಿ ಏನಿದೆ ಅಂತ ನೋಡದೆ ಗುದ್ದಲಿ ಪೂಜೆಗೆ ತಾರೀಖು ಇಡಬೇಡಿ. ಬಿಲ್ಲಿಗೆ ದುಡ್ಡು ಎಲ್ಲಿಂದ ಅಂತ ಕೆಲಸ ಶುರುವಾಗುವ ಮೊದಲೇ ಬರೆದಿಡಿ. ಸೆಪ್ಟೆಂಬರಿನಲ್ಲಿ ಮಳೆ ಬರುತ್ತದೆ. ಇಷ್ಟನ್ನು ಕೂರಿಸಿ ಕೇಳೋಕೆ ಸಲಹೆಗಾರರು ಯಾರೂ ಸಿಗದಿದ್ದರೆ ನಮ್ಮ ಭಟ್ಟರ ನಂಬರ್ ಕೊಡುತ್ತೇನೆ. ಆಷಾಢದಲ್ಲಿ ಮದುವೆ ಇರೋಲ್ಲ, ಬಿಡುವಾಗಿರುತ್ತಾರೆ.