ಹಬಲ್ ತೆಗೆದಿದ್ದರೂ ನಾನು ತೆಗೆಯುತ್ತೇನೆ

ಹೊಸ ಟೆಲಿಸ್ಕೋಪ್‌ನಲ್ಲಿ ತೆಗೆದ ರೋಸೆಟ್ ನೆಬ್ಯುಲಾ ಅನ್ನುವ, ಹೂವಿನಂತೆ ಕಾಣುವ ಅನಿಲ-ದೂಳಿನ ಮೋಡದ ಚಿತ್ರ ಕೊನೆಗೂ ಸಿದ್ಧವಾಯಿತು. ನಿನ್ನೆ ಮನೆಗೆ ಬಂದ ಸ್ನೇಹಿತರೊಬ್ಬರಿಗೆ ಖುಷಿಯಿಂದ ತೋರಿಸಿದೆ. ಅವರು ಒಂದು ಸಲ ಕಣ್ಣು ಹಾಯಿಸಿದರು. "ಚೆನ್ನಾಗಿದೆ. ಆದರೆ ಇದನ್ನೆಲ್ಲ ಬಾಹ್ಯಾಕಾಶದ ಹಬಲ್ ಟೆಲಿಸ್ಕೋಪ್ ಯಾವತ್ತೋ ತೆಗೆದಿದೆಯಲ್ಲ? ಗೂಗಲ್‌ನಲ್ಲಿ ಇದಕ್ಕಿಂತ ಚೆನ್ನಾಗಿರೋದೇ ಸಿಗುತ್ತೆ. ನೀವ್ಯಾಕೆ ಸುಮ್ನೆ ನಿದ್ದೆಗೆಡ್ತೀರಿ?" ಅಂದರು.

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹಿತ್ತಲಲ್ಲಿ ಚಾವಣಿ ಸರಿಸುವ ಕೋಣೆ ಕಟ್ಟಿಸಿದಾಗಿನಿಂದಲೂ ಕೇಳುತ್ತಲೇ ಇದ್ದೇನೆ. ಹೇಳುವವರಿಗೆ ಕೆಟ್ಟ ಮನಸ್ಸಿಲ್ಲ, ಅದು ಗೊತ್ತು. ಆದರೂ ನಿನ್ನೆ ತುಂಬ ಸಿಟ್ಟು ಬಂತು. ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಬಲ್‌ನ ವಿಷಯಕ್ಕೇ ಬರೋಣ. ಅದರ ಕನ್ನಡಿ 2.4 ಮೀಟರ್ ಅಗಲ. ನನ್ನ ಟೆಲಿಸ್ಕೋಪ್‌ನ ಲೆನ್ಸ್ 80 ಮಿಲಿಮೀಟರ್. ಹೋಲಿಸುವ ಮಾತೇ ಇಲ್ಲ. ಆದರೆ ಹಬಲ್ ಒಂದು ಸಲಕ್ಕೆ ಎಷ್ಟು ಆಕಾಶ ನೋಡುತ್ತದೆ ಅಂತ ಯಾರಾದರೂ ಕೇಳಿದ್ದೀರಾ? ಸುಂದರ ಚಿತ್ರಗಳಿಗೆ ಹೆಸರಾದ ಅದರ ಎಸಿಎಸ್ ಕ್ಯಾಮೆರಾಗೆ ಕಾಣುವುದು ಹುಣ್ಣಿಮೆ ಚಂದ್ರನ ಅಗಲದ ಸುಮಾರು ಒಂಬತ್ತನೇ ಒಂದು ಭಾಗ, ಅಷ್ಟೇ. ಒರಾಯನ್ ನೆಬ್ಯುಲಾದ ಆ ಪ್ರಸಿದ್ಧ 2006ರ ಚಿತ್ರಕ್ಕೆ 520 ಚಿತ್ರಗಳನ್ನು ಜೋಡಿಸಬೇಕಾಯಿತು. ರೋಸೆಟ್ ಅದಕ್ಕಿಂತ ದೊಡ್ಡದು. ಆರ್ದ್ರಾ ನಕ್ಷತ್ರದಿಂದ ಸ್ವಲ್ಪ ಪೂರ್ವಕ್ಕೆ, ಎರಡೂವರೆ ಹುಣ್ಣಿಮೆ ಚಂದ್ರನಷ್ಟು ಅಗಲಕ್ಕೆ ಅದು ಹರಡಿಕೊಂಡಿದೆ. ಬರಿಗಣ್ಣಿಗೆ ಮಾತ್ರ ಕಾಣುವುದಿಲ್ಲ. 2025ರಲ್ಲಿ ಹಬಲ್‌ನ 35ನೇ ವರ್ಷಕ್ಕೆ ಬಿಡುಗಡೆ ಮಾಡಿದ ಚಿತ್ರಗಳಲ್ಲಿ ರೋಸೆಟ್ ಕೂಡ ಇತ್ತು. ಬಹಳ ಚೆಂದದ ಚಿತ್ರ. ಆದರೆ ಅದರಲ್ಲಿರುವುದು ರೋಸೆಟ್‌ನ ಒಂದು ಸಣ್ಣ ತುಣುಕು, ಕಪ್ಪು ಮೋಡಗಳ ಒಂದು ಮೂಲೆ. ನನ್ನ ಚಿತ್ರದಲ್ಲಿ ಇಡೀ ಹೂವೇ ಇದೆ. ನಡುವಿನ ಎಳೆಯ ನಕ್ಷತ್ರಗಳ ಗುಂಪೂ ಇದೆ, ಆ ನಕ್ಷತ್ರಗಳ ಬೆಳಕಿಗೆ ಕೆಂಪಾಗಿ ಹೊಳೆಯುವ ಹೈಡ್ರೋಜನ್ನೂ ಇದೆ. ಹಾಗಾದರೆ "ಹಬಲ್ ತೆಗೆದಿದೆ" ಅನ್ನುವ ಮಾತಿಗೆ ಏನು ಅರ್ಥ?

ಇನ್ನೊಂದು ವಿಷಯ. ಹಿತ್ತಲಲ್ಲಿ ಕೂತವರು ದೊಡ್ಡ ವೀಕ್ಷಣಾಲಯಗಳನ್ನು ನಕಲು ಮಾಡುತ್ತಾರೆ ಅಂತ ಜನ ಅಂದುಕೊಂಡಿದ್ದಾರಲ್ಲ, ಅದು ತಲೆಕೆಳಗು. ನೆಬ್ಯುಲಾದ ಮೊದಲ ಫೋಟೋ ತೆಗೆದವರು ಹೆನ್ರಿ ಡ್ರೇಪರ್. 1880ರ ಸೆಪ್ಟೆಂಬರ್ 30ರಂದು, ತಮ್ಮದೇ ಸ್ವಂತ ವೀಕ್ಷಣಾಲಯದಿಂದ ಒರಾಯನ್ ನೆಬ್ಯುಲಾವನ್ನು ಸೆರೆಹಿಡಿದರು. ಓದಿದ್ದು ವೈದ್ಯಕೀಯ. 1883ರಲ್ಲಿ ಅದೇ ನೆಬ್ಯುಲಾವನ್ನು ಇನ್ನೂ ಸ್ಪಷ್ಟವಾಗಿ ತೆಗೆದವರು ಆಂಡ್ರ್ಯೂ ಕಾಮನ್. ಅವರು ವೃತ್ತಿಯಲ್ಲಿ ನೈರ್ಮಲ್ಯ ಎಂಜಿನಿಯರ್. ಟೆಲಿಸ್ಕೋಪ್ ಇದ್ದದ್ದು ಲಂಡನ್ ಹತ್ತಿರ ಈಲಿಂಗ್‌ನಲ್ಲಿ, ಅವರ ಮನೆಯ ತೋಟದಲ್ಲಿ. ಕಣ್ಣಿಗೆ ಕಾಣದ ನಕ್ಷತ್ರಗಳೂ ಆ ಫೋಟೋದಲ್ಲಿ ಮೂಡಿದವು. ಅವರಿಗೆ "ನೀವ್ಯಾಕೆ ನಿದ್ದೆಗೆಡ್ತೀರಿ" ಅಂತ ಯಾರೂ ಹೇಳದೇ ಇದ್ದದ್ದು ನಮ್ಮ ಪುಣ್ಯ.

ವಿಲಿಯಂ ಹಗಿನ್ಸ್ ಅವರನ್ನಂತೂ ನಾನು ಪ್ರತಿ ರಾತ್ರಿ ನೆನೆಯುತ್ತೇನೆ. ಮನೆಯ ಬಟ್ಟೆ ವ್ಯಾಪಾರ ಮಾರಿ, ಮನೆಯಲ್ಲೇ ವೀಕ್ಷಣಾಲಯ ಕಟ್ಟಿಕೊಂಡವರು. 1864ರಲ್ಲಿ ಕ್ಯಾಟ್ಸ್ ಐ ನೆಬ್ಯುಲಾದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರು. ನಕ್ಷತ್ರಗಳಲ್ಲಿರುವಂಥ ಕಾಮನಬಿಲ್ಲು ಅಲ್ಲಿರಲಿಲ್ಲ. ಕೆಲವೇ ಹೊಳೆಯುವ ಗೆರೆಗಳಿದ್ದವು. ಅಂದರೆ ಅದು ದೂರದ ನಕ್ಷತ್ರಗಳ ಗುಂಪಲ್ಲ, ಅನಿಲ. ಆ ಗೆರೆಗಳಲ್ಲಿದ್ದ ಹಸಿರು ಗೆರೆ ಯಾವ ವಸ್ತುವಿನದ್ದು ಅಂತ ಯಾರಿಗೂ ತಿಳಿಯಲಿಲ್ಲ. ನೆಬ್ಯುಲಿಯಂ ಅಂತ ಹೊಸ ಧಾತುವಿನ ಹೆಸರನ್ನೇ ಇಟ್ಟರು. 1927ರಲ್ಲಿ ಐರಾ ಬೋವೆನ್ ಆ ಒಗಟನ್ನು ಬಿಡಿಸಿದರು. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ. ಆ ಬೆಳಕಿನ ತರಂಗಾಂತರ 500.7 ನ್ಯಾನೋಮೀಟರ್. ನನ್ನ ಕ್ಯಾಮೆರಾದ ಮುಂದಿರುವ ಫಿಲ್ಟರ್ ಎರಡೇ ಬೆಳಕನ್ನು ಒಳಗೆ ಬಿಡುತ್ತದೆ. ಒಂದು ಹೈಡ್ರೋಜನ್‌ನ 656.3 ನ್ಯಾನೋಮೀಟರ್ ಕೆಂಪು. ಇನ್ನೊಂದು ಹಗಿನ್ಸ್ ನೋಡಿದ ಅದೇ ಹಸಿರು. ಇದು ನೆನಪಾದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

"ಅದೆಲ್ಲ ಹಳೆಯ ಕಾಲ, ಈಗ ಹಿತ್ತಲಿಂದ ಹೊಸದೇನು ಸಿಗುತ್ತೆ?" ಅನ್ನುವವರೂ ಇದ್ದಾರೆ. ಸಿಗುತ್ತೆ! 2004ರ ಜನವರಿಯಲ್ಲಿ ಅಮೆರಿಕದ ಜೇ ಮೆಕ್‌ನೀಲ್ ತಮ್ಮ ಹಿತ್ತಲಿಂದ ಎಂ78 ಅನ್ನುವ ನೆಬ್ಯುಲಾದ ಸುತ್ತಮುತ್ತ ಚಿತ್ರ ತೆಗೆದರು. ಬರೀ ಮೂರು ಇಂಚಿನ ಟೆಲಿಸ್ಕೋಪ್. ಚಿತ್ರದಲ್ಲಿ ಅಲ್ಲಿ ಇರಬಾರದ ಒಂದು ಮಸುಕು ಮೋಡ ಕಂಡಿತು. ಒಂದು ಎಳೆಯ ನಕ್ಷತ್ರ ಇದ್ದಕ್ಕಿದ್ದಂತೆ ಬೆಳಗಿ, ಪಕ್ಕದ ದೂಳನ್ನೂ ಬೆಳಗಿಸಿತ್ತು. ಅದಾದ ಮೇಲೆ ದೊಡ್ಡ ವೀಕ್ಷಣಾಲಯಗಳು ಆ ಕಡೆ ತಿರುಗಿದವು. ಈಗ ಅದರ ಹೆಸರೇ ಮೆಕ್‌ನೀಲ್ ನೆಬ್ಯುಲಾ.

ಅದೂ ಹಳೆಯದಾಯಿತು ಅಂದರೆ, ಆಂಡ್ರೊಮಿಡಾ ತೆಗೆದುಕೊಳ್ಳಿ. ಅದರಷ್ಟು ಫೋಟೋ ತೆಗೆಸಿಕೊಂಡ ಗ್ಯಾಲಕ್ಸಿ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ. ಅದರ ಪಕ್ಕದಲ್ಲೇ ಚಂದ್ರನ ಅಗಲಕ್ಕಿಂತ ಉದ್ದವಾದ ಒಂದು ಆಮ್ಲಜನಕದ ಕಮಾನು ಇತ್ತು. ಯಾರೂ ನೋಡಿರಲಿಲ್ಲ. ಹವ್ಯಾಸಿಗಳಾದ ಯಾನ್ ಸೆಂಟಿ, ಮಾರ್ಸೆಲ್ ಡ್ರೆಕ್ಸ್‌ಲರ್ ಮತ್ತು ಕ್ಸೇವಿಯರ್ ಸ್ಟ್ರಾಟ್ನರ್ ಅದನ್ನು ಕಂಡುಹಿಡಿದು 2023ರಲ್ಲಿ ಪ್ರಕಟಿಸಿದರು. ದಾರಿ ತೋರಿಸಿದ್ದು ಅದೇ 500.7ರ ಬೆಳಕು.

ಒಂದು ಮಾತು ಒಪ್ಪುತ್ತೇನೆ. ಚಿಲಿಯ ರೂಬಿನ್ ವೀಕ್ಷಣಾಲಯ ಈಗ ಕೆಲಸ ಶುರುಮಾಡಿದೆ. ಅದು ಹಬಲ್‌ನಂತಲ್ಲ. ಅಗಲವಾಗಿಯೂ ನೋಡುತ್ತದೆ, ಆಳವಾಗಿಯೂ ನೋಡುತ್ತದೆ. 2025ರಲ್ಲಿ ಬಂದ ಟ್ರಿಫಿಡ್ ಮತ್ತು ಲಗೂನ್ ನೆಬ್ಯುಲಾಗಳ ಚಿತ್ರ ನೋಡಿ ನಾನೂ ಬೆರಗಾದೆ. ಹಾಗಂತ ಹಿತ್ತಲಿನವರು ಬಾಗಿಲು ಹಾಕಿಕೊಳ್ಳಬೇಕಾ? ರೂಬಿನ್‌ನ ಆರೂ ಫಿಲ್ಟರ್‌ಗಳು ಅಗಲ ಪಟ್ಟಿಯವು, ಅಂದರೆ ಅನೇಕ ತರಂಗಾಂತರಗಳ ಬೆಳಕನ್ನು ಒಟ್ಟಿಗೇ ಬಿಡುವಂಥವು. ಒಂದೇ ಗೆರೆಯ ಮಸುಕು ಬೆಳಕು ಅದರಲ್ಲಿ ಸುಲಭವಾಗಿ ಮುಳುಗಿಹೋಗುತ್ತದೆ. ಉತ್ತರದ ಆಕಾಶದ ದೊಡ್ಡ ಭಾಗ ಅಲ್ಲಿಗೆ ಕಾಣುವುದೂ ಇಲ್ಲ. ಒಂದೇ ಕಡೆಗೆ ಗಂಟೆಗಟ್ಟಲೆ, ರಾತ್ರಿಗಟ್ಟಲೆ ಒಂದೇ ಗೆರೆಯ ಬೆಳಕನ್ನು ಬಿಡುವ ಫಿಲ್ಟರ್ ಹಾಕಿ ಕಾಯುವಷ್ಟು ಸಮಯ ದೊಡ್ಡ ಟೆಲಿಸ್ಕೋಪ್‌ಗಳಿಗೆ ಯಾರು ಕೊಡುತ್ತಾರೆ? ನಮ್ಮ ಹತ್ತಿರ ಇರುವುದೇ ಆ ಸಮಯ.

ಆದರೆ ನಿಜ ಹೇಳಲಾ? ನಾಳೆ ಹಬಲ್ ರೋಸೆಟ್ ಪೂರ್ತಿ ತೆಗೆದರೂ ನಾನು ತೆಗೆಯುತ್ತೇನೆ. ಹೊಸದೇನೂ ಸಿಗದಿದ್ದರೂ ತೆಗೆಯುತ್ತೇನೆ. ಟೆಲಿಸ್ಕೋಪ್ ಕೂರಿಸಿ ತಿರುಗಿಸುವ ಮೌಂಟ್‌ನ ಅಕ್ಷವನ್ನು ಆಕಾಶದ ಧ್ರುವಕ್ಕೆ ಸರಿಹೊಂದಿಸಬೇಕು, ನಕ್ಷತ್ರಗಳ ಜೊತೆ ತಪ್ಪದೆ ಸಾಗುವಂತೆ ಗೈಡಿಂಗ್ ಹಾಕಬೇಕು, ಕ್ಯಾಮೆರಾದ ಸೆನ್ಸರ್ ಸೊನ್ನೆಗಿಂತ ಕೆಳಗೆ ತಣ್ಣಗಾಗುವವರೆಗೆ ಕಾಯಬೇಕು. ಆಮೇಲೆ ಐದು ನಿಮಿಷದ ಮೊದಲ ಫ್ರೇಮ್. ಕತ್ತಲೆ ಬಿಟ್ಟು ಏನೂ ಇಲ್ಲವೆಂದು ನೀವು ಪ್ರಮಾಣ ಮಾಡಿ ಹೇಳುವ ಜಾಗದಲ್ಲಿ ಒಂದು ಬಳೆ ಮೂಡುತ್ತದೆ. ತುಂಬ ಮಸುಕು. ಸರಾಸರಿ ತೆಗೆದು ಜೋಡಿಸುವ ಫ್ರೇಮ್‌ಗಳನ್ನು ನಾಲ್ಕು ಪಟ್ಟು ಮಾಡಿದರೆ ನಾಯ್ಸ್, ಅಂದರೆ ಚಿತ್ರದ ಕಾಳುಕಾಳು, ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಮತ್ತೆ ಮತ್ತೆ ತೆಗೆಯುತ್ತೀರಿ, ಬಳೆ ಗಟ್ಟಿಯಾಗುತ್ತಾ ಬರುತ್ತದೆ. ಸುಮಾರು 5,000 ಜ್ಯೋತಿರ್ವರ್ಷ ದೂರದಲ್ಲಿ ನಕ್ಷತ್ರಗಳು ಹುಟ್ಟುತ್ತಿವೆ ಅಂತ ನಾನು ಚಿಕ್ಕಂದಿನಿಂದ ಓದಿದ್ದೆ, ನಂಬಿದ್ದೆ. ನಂಬುವುದು ಬೇರೆ, ನಮ್ಮ ಹಿತ್ತಲಿಗೇ ಬಂದು ಬಿದ್ದ ಬೆಳಕಲ್ಲಿ ಅದನ್ನು ನೋಡುವುದು ಬೇರೆ. ಆ ಹೊತ್ತಿಗೆ ನನ್ನ ಕಣ್ಣು ತುಂಬುತ್ತದೆ. ಗೂಗಲ್ ಚಿತ್ರ ನೋಡಿ ಯಾವತ್ತೂ ಹಾಗಾಗಿಲ್ಲ.

ಅದಕ್ಕೇ ಕೇಳುತ್ತೇನೆ, ಇನ್ನು ಮುಂದೆ ನನ್ನ ಚಿತ್ರ ನೋಡಿದಾಗ ದಯವಿಟ್ಟು ಹಬಲ್ ಹೆಸರು ಎತ್ತಬೇಡಿ. ಬೇರೆ ಏನು ಬೇಕಾದರೂ ಕೇಳಿ. ಆ ಕೆಂಪಿನ ಮೇಲೆ ಸಾಲಾಗಿ ಕಾಣುವ ಕಪ್ಪು ಉಂಡೆಗಳೇನು ಅಂತ ಕೇಳಿ. ನಡುವೆ ಅಷ್ಟು ದೊಡ್ಡ ಪೊಳ್ಳು ಯಾಕಿದೆ, ಅಲ್ಲಿದ್ದ ಅನಿಲವನ್ನು ಹೊರಗೆ ತಳ್ಳಿದ್ದು ಯಾರು ಅಂತ ಕೇಳಿ. ಈ ಹೂವು ಇನ್ನೆಷ್ಟು ಕಾಲ ಹೀಗೇ ಇರುತ್ತೆ ಅಂತ ಕೇಳಿ. ಬೆಳಗಿನವರೆಗೆ ಕೂತು ಹೇಳುತ್ತೇನೆ.