ಚಹಾ ಕುಡಿದ ನಕ್ಷೆ

ಮಕ್ಕಳ ನಾಟಕಕ್ಕೆ ಕಡಲ್ಗಳ್ಳರ ನಿಧಿನಕ್ಷೆ ಬೇಕು ಎಂದರೆ, ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಎಲ್ಲರೂ ಕನ್ನಡದವರ ಮನೆಗಳತ್ತ ನೋಡುತ್ತಾರೆ. ಮನೆಯಲ್ಲಿ ಸದಾ ಡಿಕಾಕ್ಷನ್ ಇರುತ್ತದಲ್ಲ, ಕಾಗದಕ್ಕೆ ಬಳಿಯಲು ಅನುಕೂಲ ಎಂಬ ಲೆಕ್ಕಾಚಾರ. ಆದರೆ ಈ ಕೆಲಸಕ್ಕೆ ಚಹಾವೇ ಸರಿ. ಕಾಫಿಯ ಘಮ ಬೇಗ ಬಿಡುವುದಿಲ್ಲ. ನಾಯಕ ವೇದಿಕೆಯಲ್ಲಿ ನಕ್ಷೆ ಬಿಚ್ಚಿದ ಕೂಡಲೇ ಮುಂದಿನ ಸಾಲಿನವರಿಗೆ ಇಂಟರ್ವಲ್ ನೆನಪಾಗುತ್ತದೆ.

ಡ್ರಾಯಿಂಗ್ ಶೀಟನ್ನು ಮೊದಲು ಮುದುಡಿ ಉಂಡೆ ಮಾಡಬೇಕು. ಬಿಡಿಸಿ, ಹಾಲು ಸಕ್ಕರೆ ಇಲ್ಲದ ಕಡು ಚಹಾದಲ್ಲಿ ಅದ್ದಿದರೆ, ಸುಕ್ಕು ಬಿದ್ದು ನಾರು ಒಡೆದ ಕಡೆ ಬಣ್ಣ ಹೆಚ್ಚು ಹೀರಿಕೊಂಡು ಸಣ್ಣ ಸಣ್ಣ ಗೆರೆಗಳು ಕಪ್ಪಗೆ ಎದ್ದು ಬರುತ್ತವೆ. ಬೆಳಗಿನ ಮಿಕ್ಕ ಚಹಾ ಬಳಸುವ ಉಳಿತಾಯ ಬೇಡ. ಅದರಲ್ಲಿ ಸಕ್ಕರೆ ಇದ್ದರೆ ನಾಯಕನಿಗಿಂತ ಮೊದಲು ಇರುವೆಗಳೇ ನಿಧಿ ಹುಡುಕಿಬಿಡುತ್ತವೆ. ಅಂಚನ್ನು ಒದ್ದೆ ಇರುವಾಗಲೇ ಬೆರಳಿನಿಂದ ಹರಿಯಬೇಕು; ಕತ್ತರಿ ತಾಗಿತೋ, ಕಾಗದದ ವಯಸ್ಸು ಹೋಯಿತು. ಕೆಲವರು ಗ್ಯಾಸ್ ಒಲೆಗೆ ಹಿಡಿದು ಸುಡುತ್ತಾರೆ. ಅಪಾಯ ಹಾಗಿರಲಿ, ಯಾವ ಕಳ್ಳ ತನ್ನ ನಕ್ಷೆಯ ನಾಲ್ಕೂ ಬದಿಯನ್ನು ಅಷ್ಟು ಒಪ್ಪವಾಗಿ ಸುಟ್ಟುಕೊಂಡಾನು? ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ಪಾಡು. ಯೂನಿಫಾರ್ಮಿನ ಪಕ್ಕ ಕ್ಲಿಪ್ ಹಾಕಿ, ಫ್ಯಾನ್ ಬಿಟ್ಟು, ಕೊನೆಗೆ ಇಸ್ತ್ರಿಯ ಮೊರೆ. ಶಾಯಿಯ ಕೆಲಸ ಇದೆಲ್ಲ ಆದ ಮೇಲೆ.

ತಮಾಷೆಯೆಂದರೆ, ನಿಜವಾದ ಹಳೆಯ ಕಾಗದ ಇಷ್ಟು ಹಳೆಯದಾಗಿ ಕಾಣುವುದಿಲ್ಲ. ಮುನ್ನೂರು ವರ್ಷದ ಹಿಂದೆ ಯುರೋಪಿನವರು ಕಾಗದ ಮಾಡುತ್ತಿದ್ದುದು ಬಟ್ಟೆಯ ಚಿಂದಿಯಿಂದ. ಜೋಪಾನವಾಗಿಟ್ಟರೆ ಅದು ಇಂದಿಗೂ ಸಾಕಷ್ಟು ಬೆಳ್ಳಗೇ ಇರುತ್ತದೆ. ಬೇಗ ಹಳದಿಯಾಗುವುದು ಮರದ ತಿರುಳಿನಲ್ಲಿ ಲಿಗ್ನಿನ್ ಎಂಬ, ಮರದ ನಾರನ್ನು ಬಿಗಿದಿಡುವ ಅಂಶ ಉಳಿದ ಅಗ್ಗದ ಕಾಗದ, ಅಂದರೆ ಬಾಲ್ಕನಿಯಲ್ಲಿ ರದ್ದಿವಾಲನಿಗಾಗಿ ಕಾದು ಕೂತ ದಿನಪತ್ರಿಕೆ. ಇತಿಹಾಸಕ್ಕೆ ನಿಷ್ಠವಾದ ನಕ್ಷೆ ಮಾಡಿಕೊಟ್ಟರೆ ಪ್ರೇಕ್ಷಕರು ಝೆರಾಕ್ಸ್ ಎಂದಾರು.

ನಿಧಿನಕ್ಷೆಯೆಂಬುದೇ ಹೆಚ್ಚಾಗಿ ಕತೆಗಾರರ ಸೊತ್ತು. ಕಾದಂಬರಿಕಾರ ಸ್ಟೀವನ್‌ಸನ್ 1881ರಲ್ಲಿ ಮೊದಲು ದ್ವೀಪದ ನಕ್ಷೆ ಬರೆದ, ಆಮೇಲೆ ಅದರೊಳಗಿಂದ 'ಟ್ರೆಷರ್ ಐಲ್ಯಾಂಡ್' ಎಂಬ ಕಡಲ್ಗಳ್ಳರ ಕಾದಂಬರಿ ಹೊರಟಿತು. ಪ್ರಕಾಶಕರಿಗೆ ಕಳಿಸಿದ ಆ ನಕ್ಷೆ ಕಳೆದೇ ಹೋಗಿ, ಪುಸ್ತಕಕ್ಕೆ ಇನ್ನೊಂದನ್ನು ಬರೆಯಬೇಕಾಯಿತು. ಎಲ್ಲರೂ ನಕಲು ಮಾಡುವ ನಕ್ಷೆಯೇ ನಕಲು! ಅಸಲಿ ಕಳ್ಳರು ಸಿಕ್ಕಿದ್ದನ್ನು ಹಂಚಿಕೊಂಡು ಉಡಾಯಿಸುತ್ತಿದ್ದರು. ಹೂಳುವ ವ್ಯವಧಾನ ಯಾರಿಗಿತ್ತು? ಹೂಳಿದ್ದಕ್ಕೆ ದಾಖಲೆಯಿರುವ ಕ್ಯಾಪ್ಟನ್ ಕಿಡ್, 1699ರಲ್ಲಿ ನ್ಯೂಯಾರ್ಕ್ ಬಳಿಯ ಗಾರ್ಡಿನರ್ಸ್ ದ್ವೀಪದಲ್ಲಿ ಚಿನ್ನಬೆಳ್ಳಿ ಹುಗಿದಿಟ್ಟ. ಅಧಿಕಾರಿಗಳು ಅದೇ ವರ್ಷ ತೆಗೆಸಿಕೊಂಡರು. 1701ರಲ್ಲಿ ಲಂಡನ್ನಿನಲ್ಲಿ ಅವನನ್ನು ಗಲ್ಲಿಗೇರಿಸಿದರು.

ಈ ಕಿಡ್ 1697ರಲ್ಲಿ ನಮ್ಮ ಕಾರವಾರಕ್ಕೂ ಬಂದಿದ್ದ. ಅಲ್ಲಿ ಇಂಗ್ಲಿಷರ ವ್ಯಾಪಾರದ ಕೋಠಿಯಿತ್ತು. ಹಡಗಿಗೆ ನೀರು, ಸೌದೆ ತುಂಬಿಸಿಕೊಳ್ಳುವ ನೆಪ. ಹಾಗಾದರೆ ನಕ್ಷೆಯಲ್ಲಿ ಕಾಳಿ ನದಿಯ ಅಳಿವೆಯನ್ನೂ ಬರೆಯೋಣ ಎಂದು ಮಕ್ಕಳು ಹಟ ಹಿಡಿದರು. ಮೂರನೇ ಮಹಡಿಯ ಕಾರವಾರದ ಅಜ್ಜಿಯನ್ನು ಜಾಗ ತೋರಿಸಲು ಕರೆತಂದರೆ, ಅವರು ಕನ್ನಡಕ ಏರಿಸಿಕೊಂಡು ಕೇಳಿದ್ದು ಒಂದೇ: "ಅದೆಲ್ಲ ಇರ್ಲಿ ಮಗಾ, ಸೌದೆಗೆ ದುಡ್ಡು ಕೊಟ್ಟು ಹೋದ್ನೋ, ಉದ್ರಿ ಹೇಳಿದ್ನೋ?"