ಕೆನ್ನೆಗೆಂದು ಇಟ್ಟದ್ದು

ನಿನ್ನೆ ಮಧ್ಯಾಹ್ನ ನನ್ನ ಯಜಮಾನರು ನನ್ನ ಮುಖಲೇಪವನ್ನು ಬಿಸಿ ಅನ್ನಕ್ಕೆ ಕಲಸಿಕೊಂಡು, ಚೆನ್ನಾಗಿದೆಯೆಂದು ಎರಡನೆಯ ಸಲವೂ ಬಡಿಸಿಕೊಂಡು ಉಂಡರು. ಆ ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ದಿನವೂ ಸ್ಕೂಟರಿನಲ್ಲಿ ಕಚೇರಿಗೆ ಹೋಗಿಬರುವ ನನ್ನ ಕೆನ್ನೆಗಳ ಮೇಲೆ ವರ್ಷದಿಂದೀಚೆಗೆ ಬಂಗು ಕಾಣಿಸಿಕೊಂಡಿದೆ. ಚರ್ಮದ ವೈದ್ಯರು ಇದು ಬಿಸಿಲಿಗೆ ಹೆಚ್ಚಾಗುವಂಥದ್ದು, ತಪ್ಪದೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ ಎಂದಷ್ಟೇ ಹೇಳಿದರು. ಅಷ್ಟು ಸುಲಭದ ಮಾತನ್ನು ನಂಬಲು ನನಗೆ ಮನಸ್ಸಾಗಲಿಲ್ಲ. ಅದೇ ವಾರ ಸಹೋದ್ಯೋಗಿಯೊಬ್ಬರು ತಮ್ಮ ಮುಖಕಾಂತಿಗೆ ಗ್ರೀನ್ ಟೀಯೇ ಕಾರಣವೆಂದು ಸಾರಿದ್ದರಿಂದ, ತಲಾ 25 ಚೀಲಗಳ ಎರಡು ಡಬ್ಬಿ ತಂದು, ಒಂದು ಮಂಡಲ, ಅಂದರೆ 48 ದಿನ, ಕುಡಿಯುವುದೆಂದು ಸಂಕಲ್ಪ ಮಾಡಿದೆ.

ಇದು ಬೇರೆ ಯಾವುದೋ ಗಿಡದ ಎಲೆಯಲ್ಲ. ನಾವು ಹಾಲು ಸಕ್ಕರೆ ಹಾಕಿ ಕುಡಿಯುವ ಚಹಾದ ಗಿಡದ್ದೇ ಎಲೆ. ಕೊಯ್ದ ಮೇಲೆ ಕಪ್ಪಾಗಲು ಬಿಡದೆ, ಹಬೆಯಲ್ಲಿಯೋ ಬಾಣಲೆಯಲ್ಲಿಯೋ ಬೇಗನೆ ಬಿಸಿ ಮಾಡಿ ಒಣಗಿಸುವುದರಿಂದ ಹಸಿರು ಉಳಿಯುತ್ತದೆ, ಕ್ಯಾಟೆಚಿನ್ ಎಂಬ ಅಂಶಗಳೂ ಹೆಚ್ಚಾಗಿ ಉಳಿಯುತ್ತವೆ. ಕುದಿಯುವ ನೀರನ್ನು ಸುರಿದರೆ ಕಹಿಯಾಗುತ್ತದೆಂದು, 80 ಡಿಗ್ರಿಗೆ ಇಳಿದ ನೀರಿನಲ್ಲಿ ಎರಡು ಮೂರು ನಿಮಿಷವಷ್ಟೇ ನೆನೆಸಬೇಕು. ನಮ್ಮ ಅಡುಗೆಮನೆಯಲ್ಲಿ 80 ಡಿಗ್ರಿಯೆಂಬುದನ್ನು ಅಳೆಯುವ ಉಪಕರಣವೆಂದರೆ ನನ್ನ ಕಿರುಬೆರಳು ಮಾತ್ರ. ಬೆಳಗಿನ ಗಡಿಬಿಡಿಯಲ್ಲಿ ಇಷ್ಟಕ್ಕೆಲ್ಲ ಪುರಸೊತ್ತಿಲ್ಲದ್ದರಿಂದ ರಾತ್ರಿ ಊಟವಾದ ಮೇಲೆ ಕುಡಿಯತೊಡಗಿದೆ. ಅದರಲ್ಲಿಯೂ ಕೆಫೀನ್ ಇದೆಯೆಂಬುದು ರಾತ್ರಿ ಎರಡು ಗಂಟೆಯವರೆಗೆ ಫ್ಯಾನಿನ ರೆಕ್ಕೆಗಳನ್ನು ನೋಡುತ್ತ ಮಲಗಿದಾಗ ತಿಳಿಯಿತು. ಹದಿನೈದು ದಿನಗಳಲ್ಲಿ ಬಂಗು ಇದ್ದಲ್ಲಿಯೇ ಇತ್ತು. ಅದಕ್ಕೆ ಜೊತೆಯಾಗಿ ಕಣ್ಣಿನ ಕೆಳಗೂ ಕಪ್ಪು ಮೂಡಿತು.

ಇಷ್ಟರಲ್ಲಿ ಶಿರಸಿಯಿಂದ ಅತ್ತೆಯವರು ಬಂದರು. ಅವರ ದೃಷ್ಟಿಯಲ್ಲಿ ಹಾಲಿಲ್ಲದ್ದು ಚಹಾ ಅಲ್ಲ, ಕಷಾಯ. ಕಷಾಯವೆಂದಮೇಲೆ ಎರಡು ಲೋಟ ನೀರು ಕುದಿಕುದಿದು ಒಂದು ಲೋಟಕ್ಕೆ ಇಳಿಯಲೇಬೇಕು. ನಾನು ಸ್ನಾನಕ್ಕೆ ಹೋಗಿದ್ದ ಒಂದು ಸಂಜೆ, ಸೊಸೆಗೆ ಉಪಕಾರವಾಗಲೆಂದು ಚೀಲವನ್ನು ದಾರ, ಚೀಟಿಯ ಸಮೇತ ಹಾಗೆಯೇ ಕುದಿಸಿ ಇಳಿಸಿಟ್ಟಿದ್ದರು. ಅವರೆದುರು ನಿಂತು ಅದನ್ನು ಕುಡಿದು ಮುಗಿಸಿದ ನನ್ನ ಮುಖದಲ್ಲಿ ಆ ಕ್ಷಣ ಕಾಂತಿಯಂತೂ ಇರಲಿಲ್ಲ.

ಅತ್ತೆಯವರ ನಿಜವಾದ ಸಾಮರ್ಥ್ಯವಿರುವುದು ತಂಬುಳಿಯಲ್ಲಿ. ಒಂದೆಲಗ, ದೊಡ್ಡಪತ್ರೆ, ಸೀಬೆಯ ಕುಡಿ, ದಾಳಿಂಬೆಯ ಸಿಪ್ಪೆ, ಹೀಗೆ ಕೈಗೆ ಎಟುಕಿದ್ದನ್ನೆಲ್ಲ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ, ಜೀರಿಗೆ, ಕಾಳುಮೆಣಸಿನೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸಿಬಿಡುತ್ತಾರೆ. ಹಸಿರಾಗಿರುವ ವಸ್ತುವೊಂದು ಅವರ ಕಣ್ಣಿಗೆ ಬಿದ್ದು ತಂಬುಳಿಯಾಗದೆ ಉಳಿದದ್ದನ್ನು ನಾನು ನೋಡಿಲ್ಲ. ಇದು ಗೊತ್ತಿದ್ದೂ ನಾನು, ನೆನೆಸಿ ತೆಗೆದ ನಾಲ್ಕು ಚೀಲಗಳ ಎಲೆಗೆ ಗಟ್ಟಿ ಮೊಸರು, ಒಂದು ಚಮಚ ಜೇನುತುಪ್ಪ ಕಲಸಿ, ಭಾನುವಾರ ಮಧ್ಯಾಹ್ನ ಹಚ್ಚಿಕೊಳ್ಳೋಣವೆಂದು ಸ್ಟೀಲಿನ ಬಟ್ಟಲಿನಲ್ಲಿ ಫ್ರಿಜ್ಜಿನಲ್ಲಿಟ್ಟೆ. ಮೊಸರಿನಲ್ಲಿ ಕಲಸಿಟ್ಟ ಹಸಿರೆಲೆ! ಬಾಗಿಲು ತೆರೆದವರಿಗೆ ಅನುಮಾನಕ್ಕೆ ಎಡೆಯಾದರೂ ಎಲ್ಲಿತ್ತು? ನಾನು ಬಟ್ಟೆ ಒಣಹಾಕಿ ಕೆಳಗೆ ಬರುವಷ್ಟರಲ್ಲಿ ಅದು ಮಿಕ್ಸಿಯಲ್ಲಿ ನುಣ್ಣಗಾಗಿ, ಉಪ್ಪು ಮಜ್ಜಿಗೆ ಸೇರಿ, ಒಗ್ಗರಣೆಯನ್ನೂ ಪಡೆದು ಊಟದ ಮೇಜಿನ ಮೇಲಿತ್ತು.

“ಒಗ್ಗರಣೆ ಹಾಕಲೆ ಮರ್ತಿದ್ಯಲೆ ತಂಗಿ, ಆನೇ ಹಾಕ್ದಿ” ಎಂದರು ಅತ್ತೆ. ಯಜಮಾನರು, ಸ್ವಲ್ಪ ಒಗರು, ಸ್ವಲ್ಪ ಸಿಹಿ, ಇದು ಯಾವ ಸೊಪ್ಪಮ್ಮಾ ಎಂದು ಕೇಳುತ್ತ ಬಟ್ಟಲನ್ನು ಬೆರಳಿನಿಂದ ಬಳಿದರು. ನಾನು ಸತ್ಯ ಹೇಳಿದಾಗ ಯಾರೂ ಬೆಚ್ಚಲಿಲ್ಲ; ಉಣ್ಣಬಹುದಾದ ವಸ್ತುವನ್ನು ಮುಖಕ್ಕೆ ಬಳಿದುಕೊಳ್ಳುತ್ತಿದ್ದ ನನ್ನನ್ನೇ ಇಬ್ಬರೂ ಮರುಕದಿಂದ ನೋಡಿದರು.

ಸಂಜೆ ಬಾಲ್ಕನಿಯಲ್ಲಿ ಅತ್ತೆಯವರು ನನ್ನ ಕರಿಬೇವಿನ ಕುಂಡದ ಪಕ್ಕ ಕುಳಿತಿದ್ದರು. ಎಪ್ಪತ್ತನಾಲ್ಕರ ಆ ಮುಖದಲ್ಲಿ ಸುಕ್ಕುಗಳಿವೆ, ಬಂಗಿಲ್ಲ. ಊರಿನಲ್ಲಿ ಒಲೆಯ ಮೇಲೆ ಬಾಣಲೆಯಿಟ್ಟು ಹಿತ್ತಿಲಿಗೆ ಹೋಗಿ ಅದು ಕಾಯುವುದರೊಳಗೆ ಸೊಪ್ಪು ಹಿಡಿದು ಬರುವವರು, ಈ ಮೂರನೆಯ ಮಹಡಿಯಲ್ಲಿ ಮೂರು ವಾರದಿಂದ ಸೊಪ್ಪು ಹುಡುಕಿ ಹುಡುಕಿ ಕೊನೆಗೆ ಫ್ರಿಜ್ಜಿನಲ್ಲಿ ಕಂಡದ್ದನ್ನು ಬಿಟ್ಟಾರೆಯೇ ಎನ್ನಿಸಿ ಸಿಟ್ಟು ಅರ್ಧದಷ್ಟು ಕರಗಿತು. ಉಳಿದ ಅರ್ಧ, ಅವರು ನನ್ನತ್ತ ತಿರುಗಿ, ಮುಂದಿನ ಭಾನುವಾರ ಮಗಳು ಅಳಿಯ ಊಟಕ್ಕೆ ಬರುತ್ತಾರೆ, ಅಷ್ಟರೊಳಗೆ ಕುಡಿದು ಬಿಟ್ಟ ಎಲೆಯನ್ನೆಲ್ಲ ಎಸೆಯದೆ ಕೂಡಿಟ್ಟಿರು ಎಂದಾಗ ಮತ್ತೆ ಮೊದಲಿನಷ್ಟಾಯಿತು.